ಕಲ್ಯಾಣದ ಭಂಡಾರಿ

ರಾಜ್ಯೋತ್ಸವದ ಸಂಚಿಕೆಯನ್ನು ಕೈಗೆತ್ತಿಕೊಂಡ ವಾಚಕರು ಕವಿತೆಯನ್ನು ಓದುತ್ತಾರೆ, ಕಥೆಯನ್ನು ಓದುತ್ತಾರೆ, ಮಕ್ಕಳ ಚಿತ್ರಗಳನ್ನು ನೋಡಿ ಸಂತೋಷಪಡುತ್ತಾರೆ. ಸಂಘದ ಜಮಾಖರ್ಚಿನ ಪಟ್ಟಿಯನ್ನು ಓದುವವರು ವಿರಳ. ಆದರೆ ಆ ಪಟ್ಟಿಯ ಕೆಳಗೆ ಖಜಾಂಚಿಯೆಂದು ರುಜು ಹಾಕುವ ಮನುಷ್ಯನು ವರ್ಷವಿಡೀ ಪಟ್ಟ ಕಳವಳವೆಷ್ಟೆಂಬುದು ಅವನ ಮನೆಯವರಿಗೇ ಗೊತ್ತು. ಹತ್ತು ರೂಪಾಯಿಯ ಚೀಟಿ ಕಳೆದುಹೋದರೆ ಕೈಯಿಂದ ಹಾಕಿ ಸರಿದೂಗಿಸಬೇಕು. ಅಷ್ಟಾದ ಮೇಲೂ ಯಾರಾದರೂ ಒಂದು ಕೊಂಕು ಮಾತು ಆಡಿಯೇ ಆಡುತ್ತಾರೆ. ಪರರ ಹಣವನ್ನು ಕಾಯುವ ಕೆಲಸ ಅಂಥದು.

ಕನ್ನಡನಾಡಿನ ಮಹಾಪುರುಷರಲ್ಲಿ ಅಗ್ರಗಣ್ಯರಾದ ಒಬ್ಬರು ಈ ಕೆಲಸವನ್ನೇ ಮಾಡಿಕೊಂಡಿದ್ದರು. ಅವರು ಬಸವಣ್ಣನವರು. ಅವರನ್ನು ನಾವು ಭಕ್ತಿಭಂಡಾರಿಯೆಂದು ಕರೆಯುತ್ತೇವೆ. ಭಕ್ತಿ ಎಂಬ ಮಾತಿನ ಮೇಲೆ ಒತ್ತು ಹಾಕುತ್ತೇವೆಯೇ ಹೊರತು ಭಂಡಾರಿ ಎಂಬ ಮಾತನ್ನು ಅಷ್ಟಾಗಿ ಲಕ್ಷಿಸುವುದಿಲ್ಲ. ಅದು ಕವಿಗಳು ಅಲಂಕಾರಕ್ಕಾಗಿ ಕೊಟ್ಟ ಬಿರುದಷ್ಟೇ ಅಲ್ಲ. ಅರಸನ ಬೊಕ್ಕಸದ ಅಧಿಕಾರಿಗೆ ಅಂದು ಇದ್ದ ಹೆಸರು. ಈ ಲೇಖನದಲ್ಲಿ ಅವರ ಜೀವನವನ್ನು ಆ ಹುದ್ದೆಯ ಬಾಗಿಲಿನಿಂದ ನೋಡುವ ಪ್ರಯತ್ನ ಮಾಡಿದೆ.

ನಾಗಪುರದ ಮನೀಶ್ ನಗರದಲ್ಲಿ ಕುಳಿತು ಕಲ್ಯಾಣದ ಬೊಕ್ಕಸದ ಮಾತನ್ನಾಡುವುದು ಅಸಂಗತವೆಂದು ಯಾರೂ ಭಾವಿಸಬೇಕಾಗಿಲ್ಲ. ನಮ್ಮೀ ಊರು ಬೊಕ್ಕಸದ ಕೆಲಸಕ್ಕೆ ಹೆಸರಾದುದೇ ಆಗಿದೆ. ರಿಸರ್ವ್ ಬ್ಯಾಂಕಿನ ಕಚೇರಿ ಇಲ್ಲಿದೆ, ಮಹಾಲೇಖಪಾಲರ ಕಚೇರಿ ಇಲ್ಲಿದೆ; ದೇಶದ ಆದಾಯತೆರಿಗೆಯ ಅಧಿಕಾರಿಗಳು ತರಬೇತಿ ಪಡೆಯುವ ರಾಷ್ಟ್ರೀಯ ಸಂಸ್ಥೆಯೂ ಇಲ್ಲಿಯೇ ಇದೆ. ಅದೂ ಅಲ್ಲದೆ ಹಳೆಯ ನಂಟೊಂದು ಇದೆ. ಸೀತಾಬರ್ಡಿಯ ಹೆಸರಿನಿಂದ ಪ್ರಸಿದ್ಧವಾದ ಕಂಬದ ಶಾಸನವೊಂದು ಶಕವರ್ಷ 1008ಕ್ಕೆ, ಎಂದರೆ ಕ್ರಿ.ಶ. 1087ಕ್ಕೆ ಸೇರಿದುದು. ಅದರಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ ಉಲ್ಲೇಖವಿದೆ. ಅವನ ಮಾಂಡಲಿಕನ ಕಾಲದಲ್ಲಿ ದನಗಳ ಮೇವಿಗೆಂದು ಭೂಮಿ ಬಿಟ್ಟ ವಿಷಯವಿದೆ. ವಿದರ್ಭದ ಈ ಸೀಮೆಯಲ್ಲಿಯೂ ಕಲ್ಯಾಣದ ಹೆಸರು ನಡೆಯುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆ ಶಾಸನವಾಗಿ ಎಂಬತ್ತು ವರ್ಷ ತುಂಬುವುದರೊಳಗಾಗಿ ಅದೇ ಕಲ್ಯಾಣದ ಬೊಕ್ಕಸದ ಬೀಗದ ಕೈ ಬಸವಣ್ಣನವರ ವಶದಲ್ಲಿತ್ತು.

ಬೊಕ್ಕಸವೆಂಬ ಇಲಾಖೆಯ ಮೂಲ ಬಹಳ ಹಳೆಯದು. ರಾಜ್ಯಕ್ಕೆ ಏಳು ಅಂಗಗಳೆಂದು ಎಣಿಸಿದ ನಮ್ಮ ಪೂರ್ವಿಕರು ಕೋಶವನ್ನು ಅವುಗಳಲ್ಲಿ ಒಂದಾಗಿ ಸೇರಿಸಿದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇಬ್ಬರು ಅಧಿಕಾರಿಗಳು ಕಾಣಿಸುತ್ತಾರೆ. ಸಮಾಹರ್ತನು ಆದಾಯವನ್ನು ಕೂಡಿಸುವವನು; ಸನ್ನಿಧಾತನು ಬಂದುದನ್ನು ಕಾಯುವವನು. ಕೂಡಿಸುವ ಕೈ ಬೇರೆ, ಕಾಯುವ ಕೈ ಬೇರೆ ಆಗಿರಬೇಕೆಂಬ ವಿವೇಕ ಅಷ್ಟು ಹಿಂದೆಯೇ ಇತ್ತು. ನೂರು ವರ್ಷಗಳ ಹಿಂದಿನ ಆದಾಯವನ್ನು ಕೇಳಿದರೂ ಸನ್ನಿಧಾತನು ತಡವರಿಸದೆ ಹೇಳಬೇಕೆಂಬುದು ಕೌಟಿಲ್ಯನ ನಿರೀಕ್ಷೆ. ಅದೇ ಗ್ರಂಥದಲ್ಲಿ ಅಧಿಕಾರಿಗಳು ರಾಜಧನವನ್ನು ಅಪಹರಿಸುವ ನಲವತ್ತು ಉಪಾಯಗಳ ಲೆಕ್ಕವೂ ಇದೆ. ನಂಬಿಕೆ ಮತ್ತು ಸಂಶಯ ಇವೆರಡೂ ಈ ಇಲಾಖೆಯೊಡನೆ ಅವಳಿಜವಳಿಯಾಗಿ ಹುಟ್ಟಿದವು ಎನ್ನಬೇಕು.

ಕನ್ನಡನಾಡಿನಲ್ಲಿ ಈ ವ್ಯವಸ್ಥೆ ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಚೆನ್ನಾಗಿ ಬೆಳೆದಿತ್ತು. ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಕೋಶದ ವಿಚಾರಕ್ಕೂ ರತ್ನಗಳ ಪರೀಕ್ಷೆಗೂ ಸ್ಥಾನವಿದೆ. ಶಾಸನಗಳಲ್ಲಿ ಭಂಡಾರಿ, ಹಿರಿಯ ಭಂಡಾರಿ, ಶ್ರೀಕರಣ, ಸುಂಕದ ಹೆಗ್ಗಡೆ ಮೊದಲಾದ ಅಧಿಕಾರಿಗಳು ಬರುತ್ತಾರೆ. ಹೊಲಗಳಿಂದ ಬರುವ ಗೊತ್ತಾದ ತೆರಿಗೆಗೆ ಸಿದ್ಧಾಯವೆಂದು ಹೆಸರು. ದಾರಿಯಲ್ಲಿ ಸಾಗುವ ಸರಕಿನ ಮೇಲೆ ಪೆರ್ಜುಂಕ, ಇದಲ್ಲದೆ ವಡ್ಡರಾವುಳ, ಬಿಲ್ಕೊಡೆ ಮುಂತಾದ ಬಾಬುಗಳಿದ್ದವು. ಎಣಿಕೆ ಗದ್ಯಾಣ, ಪಣ, ಹಾಗ, ವೀಸಗಳಲ್ಲಿ ನಡೆಯುತ್ತಿತ್ತು. ಲಕ್ಕುಂಡಿಯ ಟಂಕಸಾಲೆಯ ಗದ್ಯಾಣಕ್ಕೆ ವಿಶೇಷ ಮಾನ್ಯತೆಯಿತ್ತು. ಊರಿನ ಸೇನಬೋವನಿಂದ ಹಿಡಿದು ರಾಜಧಾನಿಯ ಕರಣಿಕರವರೆಗೆ ಲೆಕ್ಕ ಬರೆಯುವವರ ಒಂದು ಸರಪಳಿಯೇ ಇತ್ತು. ಸೇನಬೋವನೇ ಮುಂದೆ ಶಾನುಭೋಗನಾದನು. ನಾಗಪುರದ ಯಾವ ಓಣಿಯಲ್ಲಿ ಹೋದರೂ ಎದುರಾಗುವ ಕುಲಕರ್ಣಿ ಎಂಬ ಅಡ್ಡಹೆಸರಿನಲ್ಲಿ ಅದೇ ಕರಣದ ನೆನಪು ಅಡಗಿದೆ.

ಈ ಸರಪಳಿಯ ಒಂದು ಕೊಂಡಿಯಾಗಿ ಬಸವಣ್ಣನವರು ಸೇರಿದ ಬಗೆಯನ್ನು ಇನ್ನು ನೋಡೋಣ.

ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ, ಇಂದಿನ ವಿಜಯಪುರ ಜಿಲ್ಲೆಯ ಬಾಗೇವಾಡಿಯಲ್ಲಿ ಅವರ ಜನನವಾಯಿತು. ತಂದೆ ಮಾದರಸ, ತಾಯಿ ಮಾದಲಾಂಬಿಕೆ. ವೈದಿಕ ಆಚಾರದ ಮನೆತನ. ಉಪನಯನದ ವಿಷಯದಲ್ಲಿ ಬಾಲಕನಿಗೂ ಮನೆಯವರಿಗೂ ಭಿನ್ನಾಭಿಪ್ರಾಯ ಬಂದಿತು. ಜನ್ಮದಿಂದ ಬರುವ ಹೆಚ್ಚುಗಾರಿಕೆ ಅವರ ಮನಸ್ಸಿಗೆ ಒಪ್ಪಿಗೆಯಾಗಲಿಲ್ಲ. ಮನೆಯನ್ನು ಬಿಟ್ಟು, ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮಕ್ಕೆ ಬಂದು ಗುರುಗಳ ಆಶ್ರಯದಲ್ಲಿ ವಿದ್ಯಾಭ್ಯಾಸ ಮಾಡಿದರು. ಅಕ್ಕ ನಾಗಮ್ಮನ ಪ್ರೀತಿ ಅವರ ಬಾಳಿನ ಕೊನೆಯವರೆಗೂ ಒದಗಿತು. ಅವಳ ಮಗನಾದ ಚೆನ್ನಬಸವಣ್ಣನು ಮುಂದೆ ಸೋದರಮಾವನ ಕಾರ್ಯಕ್ಕೆ ಬಲಗೈಯಾದನು.

ಸಂಗಮದಲ್ಲಿಯೇ ಶಾಂತವಾಗಿ ಉಳಿದುಬಿಡಬಹುದಾಗಿತ್ತು. ಆದರೆ ಅವರು ಮಂಗಳವಾಡಕ್ಕೆ ಹೊರಟರು. ಮಂಗಳವಾಡವೆಂದರೆ ಇಂದು ಮಹಾರಾಷ್ಟ್ರದ ಸೋಲಾಪುರ ಜಿಲ್ಲೆಯಲ್ಲಿರುವ ಮಂಗಳವೇಢೆ. ಚಾಲುಕ್ಯರ ಮಾಂಡಲಿಕನಾದ ಕಳಚುರಿ ಬಿಜ್ಜಳನು ಅಲ್ಲಿಂದ ಆಳುತ್ತಿದ್ದನು. ಊರನ್ನು ಬಿಟ್ಟು, ಕೆಲಸವನ್ನರಸಿ, ಪರಿಚಯವಿಲ್ಲದ ಪಟ್ಟಣವನ್ನು ಸೇರಿದ ತರುಣನ ಸ್ಥಿತಿ ಏನೆಂಬುದನ್ನು ನಾಗಪುರಕ್ಕೆ ಬಂದು ನೆಲೆಸಿದ ನಮಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಅವರಿಗೆ ಕೆಲಸ ದೊರೆತ ಸಂಗತಿಯನ್ನು ಬಸವಚರಿತ್ರೆಗಳು ಸ್ವಾರಸ್ಯವಾಗಿ ಹೇಳುತ್ತವೆ. ಕರಣಿಕರು ಸೇರಿ ಲೆಕ್ಕ ನೋಡುತ್ತಿದ್ದ ಕಡೆ ಈ ತರುಣನು ಸುಮ್ಮನೆ ಕುಳಿತಿದ್ದನಂತೆ. ಎಣಿಕೆಯಲ್ಲಿ ಒಂದು ತಪ್ಪು ನುಸುಳಿತು. ಹಿರಿಯರ ಕಣ್ಣಿಗೆ ಬೀಳದ ಆ ತಪ್ಪು ಅವನ ಕಣ್ಣಿಗೆ ಬಿದ್ದಿತು. ವಿನಯದಿಂದ ಅದನ್ನು ತೋರಿಸಿಕೊಟ್ಟನು. ಭಂಡಾರದ ಹಿರಿಯ ಅಧಿಕಾರಿಯಾಗಿದ್ದ ಸಿದ್ಧದಂಡನಾಥನು ಮೆಚ್ಚಿ ಕರಣಿಕನ ಕೆಲಸ ಕೊಡಿಸಿದನು. ಆತನ ಕಾಲಾನಂತರದಲ್ಲಿ ಭಂಡಾರದ ಹೊಣೆಯೇ ಬಸವಣ್ಣನವರಿಗೆ ಬಂದಿತು. ಯಾರೂ ಓದಲಾರದೆ ಹೋದ ಲಿಪಿಯೊಂದನ್ನು ಅವರು ಓದಿ, ನೆಲದಲ್ಲಿ ಹೂತಿದ್ದ ನಿಧಿಯ ಗುರುತು ಹೇಳಿ, ಅರಸನ ವಿಶ್ವಾಸ ಸಂಪಾದಿಸಿದರೆಂಬ ಮತ್ತೊಂದು ಕಥೆಯೂ ಇದೆ. ಎರಡು ಕಥೆಗಳ ತಿರುಳು ಒಂದೇ: ಅವರು ಮೇಲೇರಿದುದು ವಂಶದ ಬಲದಿಂದಲ್ಲ, ಅಕ್ಷರ ಮತ್ತು ಅಂಕಿಗಳ ಬಲದಿಂದ.

ಈ ಚರಿತ್ರೆಯನ್ನು ಮೊದಲು ಕಾವ್ಯವಾಗಿ ಬರೆದ ಹರಿಹರನು ಕೂಡ ಹೊಯ್ಸಳರ ರಾಜಧಾನಿಯಾದ ದೋರಸಮುದ್ರದಲ್ಲಿ ಕರಣಿಕನಾಗಿದ್ದು, ಆ ಕೆಲಸವನ್ನು ಬಿಟ್ಟು ಹಂಪೆಗೆ ಬಂದವನೆಂದು ಪ್ರತೀತಿಯಿದೆ. ಒಬ್ಬ ಲೆಕ್ಕಿಗನ ಕಥೆಯನ್ನು ಮತ್ತೊಬ್ಬ ಲೆಕ್ಕಿಗನು ಹೇಳಿದನೆಂದರೆ, ಆ ಕೆಲಸದ ಒಳಗುಟ್ಟು ಬಲ್ಲವನೇ ಹೇಳಿದನೆಂದಂತಾಯಿತು.

ಅಂದಿನ ಭಂಡಾರಿಗಳೆಲ್ಲರೂ ಬರಿಯ ಹಣ ಕಾಯುವವರಾಗಿರಲಿಲ್ಲ. ಅದೇ ಕಾಲದಲ್ಲಿ ಹೊಯ್ಸಳ ನರಸಿಂಹನ ಭಂಡಾರಿಯಾಗಿದ್ದ ಹುಳ್ಳನು 1159ರಲ್ಲಿ ಶ್ರವಣಬೆಳಗೊಳದಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರ ಬಸದಿಯನ್ನು ಕಟ್ಟಿಸಿದನು. ಅದನ್ನು ಇಂದಿಗೂ ಜನರು ಭಂಡಾರಿ ಬಸದಿಯೆಂದೇ ಕರೆಯುತ್ತಾರೆ. ಅರಸನು ಅದನ್ನು ನೋಡಲು ಬಂದು ಸವಣೇರೆಂಬ ಗ್ರಾಮವನ್ನು ದತ್ತಿಯಾಗಿ ಬಿಟ್ಟನು. ಹುಳ್ಳನು ಧರ್ಮಿಷ್ಠನು, ಅವನ ಧರ್ಮ ಕಲ್ಲಿನಲ್ಲಿ ನಿಂತಿತು, ಅರಸನ ಮೆಚ್ಚುಗೆಯನ್ನೂ ಪಡೆಯಿತು. ಬಸವಣ್ಣನವರು ಹಿಡಿದ ದಾರಿ ಬೇರೆಯಾಯಿತು. ಅವರು ಗುಡಿ ಕಟ್ಟಿಸಲಿಲ್ಲ. ದೇಹವೇ ದೇಗುಲವೆಂದು ಬಗೆದರು. ಅವರ ಧರ್ಮ ಮನುಷ್ಯರಲ್ಲಿ ನಿಂತಿತು. ಆದುದರಿಂದಲೇ ಅದಕ್ಕೆ ಅರಸನ ಮೆಚ್ಚುಗೆ ಕೊನೆಯವರೆಗೆ ಉಳಿಯಲಿಲ್ಲ.

ಬಿಜ್ಜಳನು ಮಹತ್ವಾಕಾಂಕ್ಷಿಯಾದ ವೀರನು. ಚಾಲುಕ್ಯ ಮೂರನೆಯ ತೈಲಪನ ದುರ್ಬಲತೆಯನ್ನು ಕಂಡು 1157ರ ಹೊತ್ತಿಗೆ ಚಕ್ರವರ್ತಿಯ ಬಿರುದುಗಳನ್ನು ಧರಿಸತೊಡಗಿದನು. 1162ರ ಹೊತ್ತಿಗೆ ಕಲ್ಯಾಣ ಅವನ ಕೈಸೇರಿತ್ತು. ಅರಸನೊಡನೆ ಭಂಡಾರಿಯೂ ಕಲ್ಯಾಣಕ್ಕೆ ಬಂದರು. ಗಂಗಾಂಬಿಕೆ ಮತ್ತು ನೀಲಾಂಬಿಕೆ ಅವರ ಪತ್ನಿಯರು. ಮಾಂಡಲಿಕನ ಬೊಕ್ಕಸ ಸಾಮ್ರಾಜ್ಯದ ಬೊಕ್ಕಸವಾಯಿತು. ಹೊಸದಾಗಿ ಸಿಂಹಾಸನವೇರಿದ ಅರಸನಿಗೆ ಸೈನ್ಯಕ್ಕೆ ಹಣ ಬೇಕು, ಸಾಮಂತರನ್ನು ಒಲಿಸಿಕೊಳ್ಳಲು ಹಣ ಬೇಕು. ಅಂಥ ಸಮಯದಲ್ಲಿ ಹಣದ ಕೀಲಿಕೈ ಹಿಡಿದವನ ಮೇಲೆ ಎಲ್ಲರ ಕಣ್ಣೂ ಇರುತ್ತದೆ.

ಹಗಲು ಅರಮನೆಯ ಲೆಕ್ಕ ನೋಡಿ ಬಂದ ಬಸವಣ್ಣನವರಿಗೆ ಮನೆಯಲ್ಲಿ ಬೇರೊಂದು ಕಾರ್ಯ ಕಾದಿರುತ್ತಿತ್ತು. ಅವರ ಮಹಾಮನೆಗೆ ಜಾತಿ ಕುಲಗಳ ಭೇದವಿಲ್ಲದೆ ಜನರು ಬರುತ್ತಿದ್ದರು. ಅನುಭವ ಮಂಟಪದಲ್ಲಿ ಅಲ್ಲಮಪ್ರಭುವಿನ ಹಿರಿತನದಲ್ಲಿ ಚರ್ಚೆ ನಡೆಯುತ್ತಿತ್ತು. ಬಟ್ಟೆ ಮಡಿ ಮಾಡುವ ಮಾಚಯ್ಯ, ದೋಣಿ ನಡೆಸುವ ಚೌಡಯ್ಯ, ಮೆಟ್ಟು ಹೊಲಿಯುವ ಹರಳಯ್ಯ ಇವರೆಲ್ಲ ಅಲ್ಲಿ ಸಮಾನರು. ಹೆಂಗಸರೂ ತಮ್ಮ ಅನುಭವವನ್ನು ನಿರ್ಭಯವಾಗಿ ಆಡಿ ವಚನಗಳನ್ನು ರಚಿಸಿದರು.

ಅಲ್ಲಿ ಬೆಳೆದ ಎರಡು ತತ್ತ್ವಗಳನ್ನು ನಾವೆಲ್ಲ ಬಲ್ಲೆವು: ಕಾಯಕ ಮತ್ತು ದಾಸೋಹ. ಇವನ್ನು ಭಂಡಾರಿಯ ಕಣ್ಣಿನಿಂದ ನೋಡಿದರೆ ಹೊಸ ಅರ್ಥ ಹೊಳೆಯುತ್ತದೆ. ಪ್ರತಿಯೊಬ್ಬನೂ ಮೈಮುರಿದು ದುಡಿದು ಪ್ರಾಮಾಣಿಕವಾಗಿ ಗಳಿಸಬೇಕೆಂಬುದು ಕಾಯಕ. ಇದು ಜಮೆಯ ಧರ್ಮ. ಗಳಿಸಿದುದು ತನ್ನದೆಂದು ಕೂಡಿಡದೆ ಸಮಾಜಕ್ಕೆ ಸಲ್ಲಿಸಬೇಕೆಂಬುದು ದಾಸೋಹ. ಇದು ಖರ್ಚಿನ ಧರ್ಮ. ಭಂಡಾರಿಯ ಕೈಯಲ್ಲಿ ಸಾವಿರ ಗದ್ಯಾಣವಿದ್ದರೂ ಅದರಲ್ಲಿ ಒಂದು ಹಾಗವೂ ಅವನದಲ್ಲ. ಬಸವಣ್ಣನವರು ಕಚೇರಿಯ ಈ ನಿಯಮವನ್ನು ಬಾಳಿಗೇ ಅನ್ವಯಿಸಿದರು. ನಮ್ಮ ಕೈಯಲ್ಲಿರುವ ಸಂಪತ್ತಿಗೆ ನಾವು ಒಡೆಯರಲ್ಲ, ಭಂಡಾರಿಗಳು ಮಾತ್ರ ಎಂಬುದೇ ಅವರ ಉಪದೇಶದ ಸಾರ. ಈ ಲೋಕವನ್ನೇ ಅವರು ದೇವರ ಟಂಕಸಾಲೆಗೆ ಹೋಲಿಸಿದರೆಂಬುದನ್ನು ನೆನೆದರೆ, ಕಚೇರಿಯ ಅನುಭವ ಅವರ ಭಕ್ತಿಯಲ್ಲಿ ಎಷ್ಟು ಆಳವಾಗಿ ಬೆರೆತಿತ್ತೆಂಬುದು ಮನವರಿಕೆಯಾಗುತ್ತದೆ.

ಈ ನಿಯಮ ಅತ್ಯಂತ ಬಡವರ ಮನೆಯನ್ನೂ ಮುಟ್ಟಿತ್ತು. ಆಯ್ದಕ್ಕಿ ಮಾರಯ್ಯನೆಂಬ ಶರಣನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜೀವಿಸುತ್ತಿದ್ದನು. ಒಂದು ದಿನ ಅವನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದನು. ಹೆಂಡತಿ ಲಕ್ಕಮ್ಮನು ಅದನ್ನು ಒಳಗೆ ಇಟ್ಟುಕೊಳ್ಳಲಿಲ್ಲ. ತಮಗೆ ಬೇಕಾದುದಕ್ಕಿಂತ ಹೆಚ್ಚಾದುದು ತಮ್ಮದಲ್ಲವೆಂದು ತಿಳಿಹೇಳಿ, ತಂದ ಕಡೆಯಲ್ಲೇ ಸುರಿದು ಬರುವಂತೆ ಕಳುಹಿಸಿದಳು. ಕೌಟಿಲ್ಯನು ನಲವತ್ತು ಬಗೆಯ ಅಪಹಾರಗಳನ್ನು ಎಣಿಸಿ ಕಾವಲು ಹಾಕಿದನು. ಲಕ್ಕಮ್ಮನ ಗುಡಿಸಲಿಗೆ ಕಾವಲುಗಾರನೇ ಬೇಕಾಗಲಿಲ್ಲ.

ಆದರೆ ಲೋಕ ಸುಮ್ಮನಿರಲಿಲ್ಲ. ಮಹಾಮನೆಯಲ್ಲಿ ದಿನವೂ ಸಾಗುವ ಅನ್ನಸಂತರ್ಪಣೆಯನ್ನು ಕಂಡವರ ಮನಸ್ಸಿನಲ್ಲಿ ಪ್ರಶ್ನೆ ಎದ್ದಿತು. ಇಷ್ಟು ಜನಕ್ಕೆ ಊಟ ಹಾಕಲು ಹಣವೆಲ್ಲಿಂದ? ಭಂಡಾರಿಯು ಅರಸನ ಬೊಕ್ಕಸವನ್ನು ಜಂಗಮರಿಗೆ ಸೂರೆ ಕೊಡುತ್ತಿದ್ದಾನೆಂಬ ಚಾಡಿ ಬಿಜ್ಜಳನ ಕಿವಿಗೆ ಬಿದ್ದಿತು. ಚಾಡಿ ಹೇಳಿದವರೆಲ್ಲರೂ ಕೇವಲ ದುಷ್ಟರೆಂದು ನಾವು ತಿಳಿಯಬೇಕಾಗಿಲ್ಲ. ಹಣದ ಬಳಿ ಇರುವವನು ಧಾರಾಳವಾಗಿ ದಾನ ಮಾಡುತ್ತಿದ್ದರೆ ಸಂಶಯ ಹುಟ್ಟುವುದು ಸಹಜ. ಅರಸನು ವಿಚಾರಿಸಿದುದೂ ಅವನ ಕರ್ತವ್ಯವೇ. ಬೊಕ್ಕಸವನ್ನು ತೆರೆಸಿದರು. ಪೆಟ್ಟಿಗೆಗಳನ್ನು ಬಿಚ್ಚಿ ಎಣಿಸಿದರು. ಒಂದು ನಾಣ್ಯವೂ ಕಡಿಮೆಯಿರಲಿಲ್ಲ.

ಹರಿಹರನೂ, ತೆಲುಗಿನಲ್ಲಿ ಬಸವಪುರಾಣ ಬರೆದ ಪಾಲ್ಕುರಿಕೆ ಸೋಮನಾಥನೂ ಇದನ್ನು ದೇವರ ಪವಾಡವೆಂದು ವರ್ಣಿಸುತ್ತಾರೆ. ಭಕ್ತರಿಗೆ ಅದು ಪವಾಡವೇ ಸರಿ. ಆದರೆ ಲೆಕ್ಕ ಬರೆದು ತಲೆ ನರೆತವರು ಅದನ್ನು ಇನ್ನೊಂದು ರೀತಿಯಲ್ಲಿಯೂ ಓದಬಹುದು. ಎರಡು ಚೀಲಗಳನ್ನು ಎಂದೂ ಬೆರೆಸದ ಮನುಷ್ಯನ ಪೆಟ್ಟಿಗೆ ಯಾವಾಗ ತೆರೆದರೂ ಸರಿಯಾಗಿಯೇ ಇರುತ್ತದೆ. ಅರಸನದು ಅರಸನಿಗೆ, ಶರಣರದು ಶರಣರಿಗೆ. ಇವೆರಡರ ನಡುವೆ ಬಸವಣ್ಣನವರು ಎಳೆದ ಗೆರೆ ಅಳಿಸಲಿಲ್ಲ. ಇದನ್ನು ಪವಾಡವೆನ್ನಬೇಕಾದಷ್ಟು ಅದು ಲೋಕದಲ್ಲಿ ಅಪರೂಪವಾಗಿದ್ದುದೇ ದುಃಖದ ಸಂಗತಿ.

ಬೊಕ್ಕಸದ ಪರೀಕ್ಷೆಯಲ್ಲಿ ಗೆದ್ದವರಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಮುಂದೆ ಬಂದಿತು. ಶರಣರಲ್ಲಿ ಕುಲವಿಲ್ಲವೆಂಬ ಮಾತು ಬರಿಯ ಮಾತಾಗಿ ಉಳಿಯಲಿಲ್ಲ. ಮೆಟ್ಟು ಹೊಲಿಯುವ ಕುಲದಲ್ಲಿ ಹುಟ್ಟಿದ ಹರಳಯ್ಯನ ಮಗನಿಗೆ ಬ್ರಾಹ್ಮಣಕುಲದ ಮಧುವರಸನ ಮಗಳನ್ನು ಕೊಟ್ಟು ವಿವಾಹವಾಯಿತು. ನಗರದಲ್ಲಿ ಕೋಲಾಹಲವೆದ್ದಿತು. ಸಂಪ್ರದಾಯಸ್ಥರ ಒತ್ತಾಯಕ್ಕೆ ಮಣಿದ ಬಿಜ್ಜಳನು ವಧೂವರರ ತಂದೆಯರಿಬ್ಬರಿಗೂ ಕ್ರೂರವಾದ ಮರಣದಂಡನೆ ವಿಧಿಸಿದನೆಂದು ಪರಂಪರೆ ಹೇಳುತ್ತದೆ.

ಇಲ್ಲಿ ಭಂಡಾರಿಯ ಮುಂದೆ ಎರಡು ದಾರಿಗಳಿದ್ದವು. ಅರಸನ ಅನ್ನ ತಿಂದವರು ಅರಸನ ಮಾತಿಗೆ ತಲೆಬಾಗಬೇಕು ಎಂಬುದು ಒಂದು. ರಾಜ್ಯದ ಹಣದ ಬಲವನ್ನು ಅರಸನ ವಿರುದ್ಧವೇ ತಿರುಗಿಸುವುದು ಮತ್ತೊಂದು. ಅಂದಿನ ರಾಜಕಾರಣದಲ್ಲಿ ಸ್ವತಃ ಬಿಜ್ಜಳನೇ ತನ್ನ ಒಡೆಯರ ಸಿಂಹಾಸನವನ್ನು ಕಸಿದುಕೊಂಡವನಾದುದರಿಂದ ಎರಡನೆಯ ದಾರಿ ಯಾರಿಗೂ ಹೊಸದಾಗಿ ಕಾಣುತ್ತಿರಲಿಲ್ಲ. ಬಸವಣ್ಣನವರು ಎರಡನ್ನೂ ಹಿಡಿಯಲಿಲ್ಲ. ಹುದ್ದೆಯನ್ನು ತೊರೆದರು. ಬೊಕ್ಕಸವನ್ನು ಬೊಕ್ಕಸದಲ್ಲಿಯೇ ಬಿಟ್ಟು, ಬರಿಗೈಯಲ್ಲಿ ತಾವು ಬೆಳೆದ ಕೂಡಲಸಂಗಮಕ್ಕೆ ಹಿಂದಿರುಗಿದರು. ಬರುವಾಗ ತಂದುದು ವಿದ್ಯೆ. ಹೋಗುವಾಗ ಒಯ್ದುದೂ ಅಷ್ಟೇ.

ಕಲ್ಯಾಣ ಹೊತ್ತಿ ಉರಿಯಿತು. ಬಿಜ್ಜಳನು ಕೊಲೆಗೀಡಾದನೆಂದು ಶರಣರ ಚರಿತ್ರೆಗಳು ಹೇಳುತ್ತವೆ; ಶಾಸನಗಳ ಪ್ರಕಾರ 1167ರ ಸುಮಾರಿಗೆ ಅವನ ಆಳ್ವಿಕೆ ಮುಗಿದು ಮಗ ಸೋವಿದೇವನು ಪಟ್ಟಕ್ಕೆ ಬಂದನು. ಶರಣರು ದಿಕ್ಕುದಿಕ್ಕಿಗೆ ಚದುರಿದರು. ಚೆನ್ನಬಸವಣ್ಣನ ಮುಂದಾಳುತನದಲ್ಲಿ ಒಂದು ತಂಡ ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನ ಕಡೆಗೆ ನಡೆಯಿತು. ಆ ಕಾಲದಲ್ಲಿಯೇ ಬಸವಣ್ಣನವರು ಸಂಗಮದಲ್ಲಿ ಐಕ್ಯರಾದರು. ಸುಮಾರು ನೂರು ವರ್ಷಗಳ ತರುವಾಯ, 1260ರಲ್ಲಿ, ಇಂದಿನ ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿ ಹಾಕಿಸಿದ ಶಾಸನ ಸಂಗನಬಸವನೆಂಬ ಹೆಸರಿನಿಂದ ಅವರನ್ನು ಸ್ಮರಿಸುತ್ತದೆ.

ಕಳಚುರಿಗಳ ಬೊಕ್ಕಸ ಏನಾಯಿತು? ಚಾಲುಕ್ಯ ನಾಲ್ಕನೆಯ ಸೋಮೇಶ್ವರನು 1183ರ ಸುಮಾರಿಗೆ ಕಲ್ಯಾಣವನ್ನು ಮರಳಿ ಪಡೆದನು. ಅವನೂ ಬಹುಕಾಲ ಉಳಿಯಲಿಲ್ಲ. ಉತ್ತರದಿಂದ ಸೇವುಣರು, ದಕ್ಷಿಣದಿಂದ ಹೊಯ್ಸಳರು ರಾಜ್ಯವನ್ನು ಹಂಚಿಕೊಂಡರು. ಆ ಪೆಟ್ಟಿಗೆಗಳಲ್ಲಿದ್ದ ಗದ್ಯಾಣಗಳು ಯಾರ ಯಾರ ಕೈದಾಟಿ ಎಲ್ಲಿ ಕರಗಿಹೋದವೋ! ಶರಣರು ಹೆಗಲ ಮೇಲೆ ಹೊತ್ತು ಉಳಿಸಿದ ಓಲೆಯ ಕಟ್ಟುಗಳು ಮಾತ್ರ ಇಂದಿಗೂ ನಮ್ಮ ಮನೆಯ ಕಪಾಟಿನಲ್ಲಿ ಪುಸ್ತಕಗಳಾಗಿ ಕುಳಿತಿವೆ. ಮರಾಠಿ ಶಾಲೆಯಲ್ಲೋ ಇಂಗ್ಲಿಷ್ ಶಾಲೆಯಲ್ಲೋ ಓದುವ ನಮ್ಮ ಮಕ್ಕಳ ಬಾಯಲ್ಲಿ ಒಂದಾದರೂ ವಚನ ಇದೆಯೆಂದರೆ, ಆ ಭಂಡಾರ ಇನ್ನೂ ಬರಿದಾಗಿಲ್ಲವೆಂದೇ ಅರ್ಥ.

1956ರ ನವೆಂಬರ್ 1ರಂದು ಕನ್ನಡನಾಡು ಒಂದುಗೂಡಿತು. ಹೈದರಾಬಾದು ಸಂಸ್ಥಾನದಲ್ಲಿದ್ದ ಕಲ್ಯಾಣ ಅಂದು ನಮ್ಮ ರಾಜ್ಯಕ್ಕೆ ಸೇರಿತು. ಅದೇ ದಿನ ನಾಗಪುರವು ಮಧ್ಯಪ್ರದೇಶವನ್ನು ಬಿಟ್ಟು ಮುಂಬಯಿ ರಾಜ್ಯಕ್ಕೆ ಸೇರಿತು. 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ಬಸವಣ್ಣನವರು ಲೆಕ್ಕ ಬರೆಯಲಾರಂಭಿಸಿದ ಮಂಗಳವೇಢೆಯೂ ಅದೇ ಮಹಾರಾಷ್ಟ್ರದಲ್ಲಿ ಉಳಿಯಿತು. ಗಡಿಗಳು ಬದಲಾಗುತ್ತವೆ. ನಾವು ಎಲ್ಲಿ ದುಡಿಯುತ್ತೇವೆಯೋ ಆ ನೆಲಕ್ಕೆ ಪ್ರಾಮಾಣಿಕರಾಗಿರುವುದು, ಎಲ್ಲಿಂದ ಬಂದೆವೋ ಆ ನುಡಿಯನ್ನು ಕಾಯುವುದು, ಇವೆರಡೂ ಒಂದೇ ಬಾಳಿನಲ್ಲಿ ಸಾಧ್ಯವೆಂಬುದಕ್ಕೆ ಮಂಗಳವಾಡದ ಆ ಕರಣಿಕನೇ ನಮಗೆ ಮೇಲ್ಪಂಕ್ತಿ.

ಬ್ಯಾಂಕಿನಲ್ಲಿಯೋ ತೆರಿಗೆಯ ಕಚೇರಿಯಲ್ಲಿಯೋ ಪರರ ಹಣವನ್ನು ಎಣಿಸಿ ಸಂಜೆ ಮನೆಗೆ ಬರುವ ಕನ್ನಡ ಬಂಧುಗಳು ತಮ್ಮದು ನೀರಸವಾದ ಕೆಲಸವೆಂದು ಬೇಸರಪಡುವುದು ಬೇಡ. ಆ ಕೆಲಸದಲ್ಲಿ ಕುಳಿತೇ ಒಬ್ಬರು ಲೋಕಕ್ಕೆ ಬೆಳಕಾದರು. ಹಾಗೆಯೇ ಸಂಚಿಕೆಯನ್ನು ಮಡಿಸಿ ಇಡುವ ಮುನ್ನ, ಜಮಾಖರ್ಚಿನ ಪುಟವನ್ನು ಈ ಸಲ ಒಮ್ಮೆ ತಿರುವಿ ನೋಡಿರಿ. ನಮ್ಮೆಲ್ಲರ ವರ್ಗಣಿಯ ಒಂದೊಂದು ರೂಪಾಯಿಯೂ ಅಲ್ಲಿ ತನ್ನ ಸ್ಥಾನದಲ್ಲಿ ಕುಳಿತಿದ್ದರೆ, ಕೆಳಗೆ ರುಜು ಹಾಕಿದವರಿಗೆ ಒಂದು ನಮಸ್ಕಾರ ಸಲ್ಲಿಸಿರಿ. ಕಲ್ಯಾಣದ ಭಂಡಾರಿಗೆ ಅದು ಮುಟ್ಟುತ್ತದೆ.